ಕೀಲಿಮಣೆ ಕಲಿಸುವ ಪಾಠ

(ಚಾಮರಾಜಪೇಟೆಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಸಂಗ್ರಹ)



ದಿನಬಳಕೆಯ ವಸ್ತುಗಳನ್ನು ವಿನ್ಯಾಸ ಮಾಡುವುದು ನನ್ನ ಉದ್ಯೋಗ. ನನ್ನ ಕೆಲಸದ ತತ್ವವೇನೆಂದು ಕೇಳಿದ್ದೀರಿ. ತತ್ವವೆಂಬ ದೊಡ್ಡ ಮಾತಿಗಿಂತ ಒಂದು ಉದಾಹರಣೆ ಮೇಲು. ನಾನು ಆರಿಸಿಕೊಂಡಿರುವುದು ಗಣಕದ ಕನ್ನಡ ಕೀಲಿಮಣೆಯನ್ನು.

ಹಳೆಯ ಬೆರಳಚ್ಚು ಯಂತ್ರ ಅಕ್ಷರವನ್ನು ಕಣ್ಣಿಗೆ ಕಾಣುವ ಆಕಾರವಾಗಿ ನೋಡಿತು. ತಲೆಕಟ್ಟು, ಕೊಂಬು, ಒತ್ತು ಎಂಬ ಬಿಡಿಭಾಗಗಳನ್ನು ಜೋಡಿಸಿ ಪದ ಕಟ್ಟಬೇಕಿತ್ತು. ಮಂಗಳೂರು ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ. ಪಿ. ರಾವ್ ಅವರು ಆಕಾರವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿದರು. ಅವರ ವಿನ್ಯಾಸದಲ್ಲಿ ಇಂಗ್ಲಿಷಿನ 'ಕೆ' ಕೀಲಿ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಅಲ್ಪಪ್ರಾಣ, ಮಹಾಪ್ರಾಣ ಎರಡಕ್ಕೂ ಒಂದೇ ಮನೆ. ಒತ್ತಕ್ಷರಕ್ಕೆ 'ಎಫ್' ಕೊಂಡಿ. 'ಕನ್ನಡ' ಎಂದು ಬರೆಯಲು ಐದು ಸಲ ಒತ್ತಿದರೆ ಸಾಕು: ಕ, ನ, ಕೊಂಡಿ, ನ, ಡ. ನಮ್ಮ ವರ್ಣಮಾಲೆಯ ಕ್ರಮ 26 ಕೀಲಿಗಳೊಳಗೆ ಕುಳಿತಿತು. ಹೊಸದನ್ನು ತರುವ ಮುನ್ನ ಜನರಿಗೆ ಈಗಾಗಲೇ ತಿಳಿದಿರುವುದನ್ನು ಹುಡುಕಬೇಕೆಂಬುದು ಇಲ್ಲಿಯ ಮೊದಲ ಪಾಠ.

ಎರಡನೆಯದು, ಎಲ್ಲರಿಗೂ ಸರಿಹೊಂದುವ ವಿನ್ಯಾಸವಿಲ್ಲ. ತ, ದ ಅಕ್ಷರಗಳು 'ಟಿ', 'ಡಿ' ಕೀಲಿಗಳನ್ನು ಹಿಡಿದದ್ದರಿಂದ ಟ, ಡ ಅಕ್ಷರಗಳು 'ಕ್ಯೂ', 'ಡಬ್ಲ್ಯು'ಗೆ ಹೋದವು. ಇದನ್ನು ಕಲಿತೇ ತಿಳಿಯಬೇಕು. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ'ದಲ್ಲಿ ಕನ್ನಡವನ್ನು ಇಂಗ್ಲಿಷ್ ಕಾಗುಣಿತದಂತೆ ಒತ್ತಬಹುದಿತ್ತು. 'ಕನ್ನಡ' ಎನ್ನಲು ಏಳು ಅಕ್ಷರ, ಕಲಿಕೆ ಕಡಿಮೆ. ದಿನವಿಡೀ ಬೆರಳಚ್ಚಿಸುವವರ ಅಗತ್ಯ ಬೇರೆ, ಅಪರೂಪಕ್ಕೆ ಪತ್ರ ಬರೆಯುವವರದು ಬೇರೆ.

ಮೂರನೆಯದು ಸಹಕಾರ. 1990ರ ದಶಕದಲ್ಲಿ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಕೀಲಿಮಣೆ, ಒಂದೊಂದು ಸಂಕೇತಕ್ರಮ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲು ಬರುತ್ತಿರಲಿಲ್ಲ. ಆಗ ರಾವ್ ಅವರು ತಮ್ಮ 'ಸೇಡಿಯಾಪು' ತಂತ್ರಾಂಶವನ್ನು ಉಚಿತವಾಗಿ ಕೊಟ್ಟರು. ಮುಂದೆ ಅವರ ವಿನ್ಯಾಸವೇ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಸರ್ಕಾರದ ಅಧಿಕೃತ ಕೀಲಿಮಣೆಯಾಯಿತು. ಇದೇ ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು 'ನುಡಿ' ತಂತ್ರಾಂಶದ ಮೂಲಕ ಅದನ್ನು ಕಚೇರಿ ಕಚೇರಿಗೆ ಮುಟ್ಟಿಸಿತು. ಸಹಕಾರವೆಂದರೆ ಒಂದೇ ಮೇಜಿನ ಸುತ್ತ ಕೂರುವುದಷ್ಟೇ ಅಲ್ಲ. ತಾನು ಮಾಡಿದ್ದನ್ನು ಇನ್ನೊಬ್ಬರು ತಿದ್ದಿ ಮುಂದುವರಿಸಲು ಬಿಟ್ಟುಕೊಡುವುದೂ ಹೌದು.

ಇದಕ್ಕೊಂದು ಬೆಲೆಯಿದೆ. ವಸ್ತು ಎಲ್ಲರದಾದ ಮೇಲೆ ಅದನ್ನು ಮಾಡಿದವರ ಹೆಸರು ಮಸುಕಾಗುತ್ತದೆ. ಇಂದು ಈ ಕೀಲಿಮಣೆಯನ್ನು 'ನುಡಿ'ಯದೆಂದು ಕರೆಯುವವರೇ ಹೆಚ್ಚು. ಬಳಸುವವರು ಮರೆತರೆ ತಪ್ಪೇನಿಲ್ಲ. ಆದರೆ ಅದರ ಮೇಲೆ ಹೊಸದನ್ನು ಕಟ್ಟುವ ನಮ್ಮಂಥವರು ಮೂಲ ಯಾರದೆಂದು ಹೇಳಲೇಬೇಕು. ಹಾಗೆ ಹೇಳದಿದ್ದರೆ ನಾಳೆ ಯಾರೂ ತಮ್ಮ ಕೆಲಸವನ್ನು ಊರಿಗೆ ಬಿಟ್ಟುಕೊಡಲು ಮುಂದಾಗುವುದಿಲ್ಲ.