ಬೇರೆಯವರ ಕಡತದಲ್ಲಿ ನಮ್ಮ ಬಂದರು



ನಮ್ಮ ಬಂದರಿನ ಇತಿಹಾಸ ಹುಡುಕುವ ಈ ಕೂಟದ ಕುರ್ಚಿಯಲ್ಲಿ ಕೂರಲು ಕರೆ ಬಂದಾಗ ನಾನು ಹಿಂಜರಿದೆ. ನಾನು ಇತಿಹಾಸದ ಮೇಷ್ಟ್ರು, ಕಡಲಿನ ಮನುಷ್ಯನಲ್ಲ. ಮೂವತ್ತು ವರ್ಷ ಇದೇ ಹೊನ್ನಾವರದಲ್ಲಿ ಪಾಣಿಪತ್ತಿನ ಮೂರೂ ಯುದ್ಧಗಳನ್ನು ಪಾಠ ಮಾಡಿದೆ. ಶರಾವತಿಯ ಅಳಿವೆಯ ಬಗ್ಗೆ ಒಂದು ದಿನವೂ ಬಾಯಿ ಬಿಡಲಿಲ್ಲ. ಪಠ್ಯದಲ್ಲಿ ಇರಲಿಲ್ಲ ಎನ್ನುವುದು ನೆವ. ನಿಜ ಹೇಳಬೇಕೆಂದರೆ ನನಗೇ ಗೊತ್ತಿರಲಿಲ್ಲ.

ನಮಗೆ ಗೊತ್ತಿಲ್ಲದಿದ್ದರೂ ಈ ಊರು ಪರಊರಿನವರಿಗೆಲ್ಲ ಗೊತ್ತಿತ್ತು. ಅರಬರು ಹಿನೌರ್ ಎಂದರು, ಪೋರ್ಚುಗೀಸರು ಓನೋರ್ ಎಂದರು, ಇಂಗ್ಲಿಷರು ಅದನ್ನೇ ಇನ್ನಷ್ಟು ತಿರುಚಿದರು. 1342ರಲ್ಲಿ ದಿಲ್ಲಿಯಿಂದ ಚೀನಾಕ್ಕೆ ರಾಯಭಾರಿಯಾಗಿ ಹೊರಟ ಇಬ್ನ್ ಬತೂತಾ ಇಲ್ಲಿಗೆ ಬಂದ. ಮುಂದೆ ಮತ್ತೆ ಬಂದು ತಿಂಗಳುಗಟ್ಟಲೆ ಉಳಿದ. ಆಗ ಊರನ್ನು ಆಳುತ್ತಿದ್ದವನು ಜಮಾಲುದ್ದೀನ್ ಎಂಬ ಸುಲ್ತಾನ. ಮೇಲೊಬ್ಬ ದೊಡ್ಡ ಅರಸನಿಗೆ ಅಧೀನನಾದರೂ ನೀರಿನ ಮೇಲೆ ಅವನದೇ ದರ್ಬಾರು. ಅವನ ಹಡಗುಗಳಿಗೆ ಹೆದರಿ ಮಲಬಾರಿನವರು ವರ್ಷವರ್ಷ ಹಣ ಕೊಡುತ್ತಿದ್ದರಂತೆ. ಗೋವೆಯ ಮೇಲೆ ಹೋಗುವಾಗ ಐವತ್ತೆರಡು ಹಡಗು ಸಜ್ಜುಮಾಡಿದನಂತೆ. ಇಲ್ಲಿನ ಜನರಿಗೆ ಸಾಗುವಳಿ ಇಲ್ಲ, ಕಡಲ ವ್ಯಾಪಾರದಲ್ಲೇ ಬದುಕು ಎಂದು ಬರೆದವನು, ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದೂ ಸೇರಿಸಿದ.

ನನಗೆ ಇದಕ್ಕಿಂತ ಇಷ್ಟವಾದದ್ದು ಅವನ ಊಟದ ವರ್ಣನೆ. ಅನ್ನ, ಅದರ ಮೇಲೆ ತುಪ್ಪ, ಜೊತೆಗೆ ಕಾಳುಮೆಣಸಿನ ಗೊಂಚಲಿನ ಉಪ್ಪಿನಕಾಯಿ, ಹಸಿಶುಂಠಿ, ನಿಂಬೆ, ಮಾವು. ಒಂದಾದ ಮೇಲೊಂದು ಬಗೆ, ಪ್ರತಿ ಸಲವೂ ಮತ್ತೆ ಅನ್ನ. ಕೊನೆಗೆ ಮೊಸರು. ಹನ್ನೊಂದು ತಿಂಗಳು ರೊಟ್ಟಿ ಕಾಣದೆ ಅನ್ನವೇ ತಿಂದೆ ಎಂದು ಪಾಪ ಹಲುಬುತ್ತಾನೆ. ಸುಮಾರು ಏಳು ಶತಮಾನದ ಹಿಂದಿನ ಆ ಎಲೆಯಲ್ಲಿ ಇವತ್ತಿಗೂ ಏನೂ ಬದಲಾಗಿಲ್ಲ ನೋಡಿ.

ಮುಂದಿನದು ಬೆಂಕಿಯ ಕಥೆ. 1505ರಲ್ಲಿ ಪೋರ್ಚುಗೀಸರ ಅಲ್ಮೇಡ ಇಲ್ಲಿ ನಿಂತಿದ್ದ ಹಡಗುಗಳನ್ನು ಸುಟ್ಟ. ಅದೇ ಕಾಲದಲ್ಲಿ ತಿಮೋಜ ಬರುತ್ತಾನೆ. ಅವನ ಮೂಲ ಹೆಸರು ತಿಮ್ಮಯ್ಯನೋ ತಿಮ್ಮೋಜನೋ, ನಮ್ಮಲ್ಲಿ ಜಗಳ ಮುಗಿದಿಲ್ಲ. 1498ರಲ್ಲಿ ಅಂಜುದೀವದ ಬಳಿ ನಿಂತಿದ್ದ ವಾಸ್ಕೋ ಡ ಗಾಮನ ಹತ್ತಿರಕ್ಕೆ ದೋಣಿಗಳನ್ನು ಸೊಪ್ಪುಕೊಂಬೆಯಲ್ಲಿ ಮುಚ್ಚಿ ತೇಲಿಸಿಕೊಂಡು ಹೋದವನು ಇವನೇ ಎಂದು ಪೋರ್ಚುಗೀಸರು ಬರೆದಿದ್ದಾರೆ. ಹನ್ನೆರಡು ವರ್ಷ ಕಳೆದ ಮೇಲೆ, 1510ರಲ್ಲಿ, ಗೋವೆಯನ್ನು ಹಿಡಿ ಎಂದು ಅಲ್ಬುಕರ್ಕ್‌ಗೆ ದಾರಿ ತೋರಿಸಿದವನೂ ಇವನೇ. ಅವರ ಪುಸ್ತಕದಲ್ಲಿ ಮೊದಲು ಕಡಲ್ಗಳ್ಳ, ಆಮೇಲೆ ಮಿತ್ರ. ನಮ್ಮ ಕೂಟದ ಸಭೆಗಳಲ್ಲಿ ಒಬ್ಬರು ಅವನಿಗೆ ಪ್ರತಿಮೆ ಮಾಡಿಸೋಣ ಎಂದರೆ ಇನ್ನೊಬ್ಬರು ದ್ರೋಹಿ ಎನ್ನುತ್ತಾರೆ. ಅವನು ಯಾರ ಮನೆಯವನು, ಅವನ ಹಡಗನ್ನು ಯಾವ ಬಡಗಿ ಕಟ್ಟಿದ, ಹುಟ್ಟು ಹಾಕಿದವರಿಗೆ ಕೂಲಿ ಎಷ್ಟು ಎಂಬ ಪ್ರಶ್ನೆ ಮಾತ್ರ ಸಭೆಯಲ್ಲಿ ಇದುವರೆಗೆ ಬಂದಿಲ್ಲ. ಪೋರ್ಚುಗೀಸರು ಬರೆಯಲಿಲ್ಲ, ಹಾಗಾಗಿ ನಾವೂ ಕೇಳಲಿಲ್ಲ.

ಗೇರುಸೊಪ್ಪೆಯ ಚೆನ್ನಭೈರಾದೇವಿಯ ಗತಿಯೂ ಇದೇ. ಆಕೆಯನ್ನು ಮೆಣಸಿನ ರಾಣಿ ಎಂದವರು ಮೆಣಸು ಕೊಳ್ಳಲು ಬಂದವರು. 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟ ರಾಯಭಾರದ ಜೊತೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಇದೇ ಹೊಳೆಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆಗೆ ಹೋದ. ಹೊಳೆಯ ಚೆಲುವಿಗೆ ಮರುಳಾದ. ಹಾಳುಬಿದ್ದ ಪಟ್ಟಣದಲ್ಲಿ ಮರ ಬೆಳೆದದ್ದನ್ನು ಕಂಡ. ರಾಣಿಯ ಬಗ್ಗೆ ಯಾರೋ ಹೇಳಿದ ಪ್ರೇಮಪ್ರಸಂಗವೊಂದನ್ನೂ ಬರೆದುಕೊಂಡ. ಅವಳನ್ನು ಸೋಲಿಸಿದವರ ಕಡೆಗೆ ಹೊರಟವನಿಗೆ ದಾರಿಯಲ್ಲಿ ಸಿಕ್ಕ ಸುದ್ದಿ ಅದು. ನಾವು ಅದನ್ನೇ ಇತಿಹಾಸ ಎಂದು ನಾಟಕ ಆಡುತ್ತಿದ್ದೇವೆ.

ಇನ್ನು ಕಡತಗಳ ಮಾತು. ಈ ಜಿಲ್ಲೆ 1862ರವರೆಗೆ ಮದ್ರಾಸಿನದು, ಆಮೇಲೆ 1956ರವರೆಗೆ ಮುಂಬಯಿಯದು. ಧಾರವಾಡದ ಹತ್ತಿಯನ್ನು ಕಾರವಾರದಲ್ಲಿ ಹಡಗಿಗೆ ಹಾಕುವ ಆಸೆಯಲ್ಲಿ ಮುಂಬಯಿಯ ವ್ಯಾಪಾರಿಗಳು ಹಟ ಹಿಡಿದು ನಮ್ಮನ್ನು ಆ ಕಡೆ ಎಳೆಸಿಕೊಂಡರು. (ಕುಮಟೆಯವರು ಇಲ್ಲಿದ್ದರೆ ಬೇಸರಿಸಬೇಡಿ. ಒಂದು ಗಿಡವನ್ನೂ ಬೆಳೆಯದೆ ಹತ್ತಿಗೆ ಊರಿನ ಹೆಸರು ಅಂಟಿಸಿಕೊಂಡ ಜಾಣರು ನೀವು.) ಪರಿಣಾಮ ಏನಾಯಿತೆಂದರೆ ನಮ್ಮ ಬಂದರಿನ ಕಾಗದಗಳು ಪಣಜಿ, ಲಿಸ್ಬನ್, ಚೆನ್ನೈ, ಮುಂಬಯಿ, ಲಂಡನ್ನುಗಳಲ್ಲಿ ಹಂಚಿಹೋಗಿವೆ. ಇತಿಹಾಸಕಾರ ಬಿ. ಎಸ್. ಶಾಸ್ತ್ರಿಯವರಂಥವರು ಪೋರ್ಚುಗೀಸ್ ಕಲಿತು ಗೋವೆಯ ದಫ್ತರಗಳಲ್ಲಿ ಕೂತರು. ಎಲ್ಲರಿಂದ ಆ ಕೆಲಸ ಆಗದು.

ಹಾಗಾದರೆ ನಮ್ಮ ಪಾಲಿಗೆ ಉಳಿದದ್ದೇನು? ನನ್ನ ಮೂರ್ಖತನದ ಒಂದು ಪ್ರಸಂಗ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಕೂಟದ ಪರವಾಗಿ ಪ್ರಶ್ನಾವಳಿ ಅಚ್ಚು ಹಾಕಿಸಿ ಕಾಸರಕೋಡಿನ ಒಬ್ಬ ಮುದಿ ತಂಡೇಲರ ಮನೆಗೆ ಹೋದೆ. ಹಾಯಿ ಕಟ್ಟಿದ ಮಂಜಿಯಲ್ಲಿ ಹಂಚು, ನಾಟ ತುಂಬಿ ಮುಂಬಯಿಗೆ ಹೋಗಿಬಂದವರು. ‘ಮೊದಲ ಸಲ ಹಡಗು ಹತ್ತಿದ್ದು ಯಾವ ವರ್ಷ?’ ಎಂದು ಕೇಳಿದೆ. ‘ಆ ವರ್ಷ ಅಳಿವೆ ತೆಂಕಕ್ಕೆ ಸರಿದಿತ್ತು ಮಾಸ್ತರ್ರೆ’ ಎಂದರು. ನಾನು ಕಾಗದದಲ್ಲಿ ‘ವರ್ಷ: ಗೊತ್ತಿಲ್ಲ’ ಎಂದು ಬರೆದೆ.

ಆಮೇಲೆ, ಅವರು ತೀರಿಕೊಂಡ ಮೇಲೆ, ಬುದ್ಧಿ ಬಂತು. ಅವರು ಉತ್ತರ ಕೊಟ್ಟಿದ್ದರು. ಮರಳು ಸರಿದಂತೆ ಅಳಿವೆ ಜಾಗ ಬದಲಿಸುತ್ತದೆ, ದೋಣಿ ನಡೆಸುವವನಿಗೆ ಅದಕ್ಕಿಂತ ದೊಡ್ಡ ಸಂಗತಿ ಇಲ್ಲ. ಹಳೆಯ ಸರ್ವೆ ನಕ್ಷೆಗಳನ್ನು ಸಾಲಾಗಿ ಹಾಸಿ ಅಳಿವೆ ತೆಂಕಕ್ಕೆ ಇದ್ದದ್ದು ಯಾವಾಗ ಎಂದು ಹುಡುಕಿದ್ದರೆ ಅವರ ಪಂಚಾಂಗ ನಮ್ಮ ಪಂಚಾಂಗಕ್ಕೆ ಕೂಡುತ್ತಿತ್ತು. ನಕ್ಷೆ ಪರಊರಿನಲ್ಲಿದೆ, ನೆನಪು ಕಾಸರಕೋಡಿನ ಜಗಲಿಯಲ್ಲಿದೆ. ಎರಡನ್ನೂ ಒಂದೇ ಮೇಜಿನ ಮೇಲೆ ತರುವ ಕೆಲಸ ಈ ಕೂಟದ್ದು. ಯುದ್ಧದ ತೋಪುಗಳನ್ನು ಎಣಿಸುವುದು ಆಮೇಲೆ ಆದರೂ ನಡೆದೀತು.

ಕೈಯ ನೆನಪಿಗೆ ಎಷ್ಟು ಬೆಲೆ ಎಂಬುದನ್ನು 2025ರ ಮೇ 21ರಂದು ಪಕ್ಕದ ಕಾರವಾರದಲ್ಲೇ ಕಂಡೆವು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ಹಡಗನ್ನು ನೌಕಾಪಡೆ ಅಲ್ಲಿ ಸೇರಿಸಿಕೊಂಡಿತು. ಅಜಂತೆಯ ಒಂದು ಭಿತ್ತಿಚಿತ್ರ ಬಿಟ್ಟರೆ ಅದಕ್ಕೆ ನಕ್ಷೆಯೇ ಇರಲಿಲ್ಲ. ಹೊಲಿಯಲು ಬಂದವರು ಕೇರಳದ ಬಾಬು ಶಂಕರನ್ ಮತ್ತು ಅವರ ಕಡೆಯ ಕುಶಲಕರ್ಮಿಗಳು. ಆ ಕೈಗಳು ಇಲ್ಲದಿದ್ದರೆ ಚಿತ್ರ ಗೋಡೆಯ ಮೇಲೇ ಉಳಿಯುತ್ತಿತ್ತು.

ಹೆಂಗಸರನ್ನು ಕೇಳುವುದನ್ನಂತೂ ನಾವು ಪೂರಾ ಮರೆತಿದ್ದೇವೆ. ಮೊನ್ನೆ ಟೊಂಕದಲ್ಲಿ ಮೀನು ಒಣಗಿಸುತ್ತಿದ್ದ ಅಜ್ಜಿಯೊಬ್ಬರು ಹೇಳಿದರು: ‘ಹಡಗಿನ ಸುದ್ದಿ ತಿಳಿಯೂಕೆ ಸಮುದ್ರ ಯಾರು ನೋಡ್ತಿದ್ರು? ಅಂಗಡಿಯವ ಕೇಳದೇ ಅಕ್ಕಿ ಅಳೆದು ಕೊಟ್ರೆ ಮಂಜಿ ಮುಂಬಯಿ ಬಿಟ್ಟಿದೆ ಅಂತ. ಹಳೇ ಬಾಕಿ ಎತ್ತಿದ್ರೆ ಸುದ್ದಿ ಇಲ್ಲ ಅಂತ.’ ನೂಲಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟು ಹೊರಟ ಗಂಡಸರ ಲೆಕ್ಕ ಬಂದರು ಕಚೇರಿಯಲ್ಲಿದ್ದೀತು. ಮುಂಗಡ, ಸಾಲ, ಅಡವಿಟ್ಟ ಮೂಗುತಿಯ ಲೆಕ್ಕ ಈ ಅಜ್ಜಿಯಂದಿರಲ್ಲಿದೆ. ಅಂಗಡಿಕಾರರ ಮನೆಯ ಅಟ್ಟದಲ್ಲಿ ಹಳೆಯ ಕಿರ್ದಿ ಪುಸ್ತಕಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ನನಗೆ ಹೇಳಿಕಳಿಸಿ. ಗೆದ್ದಲು ಹಿಡಿದಿದ್ದರೂ ಅಡ್ಡಿಯಿಲ್ಲ.

ಟೊಂಕದ ಹೆಸರೆತ್ತಿದ ಕೂಡಲೇ ಕೆಲವರು ಕುರ್ಚಿಯಲ್ಲಿ ಮಿಸುಕಾಡಿದ್ದನ್ನು ನೋಡಿದೆ. ಅಲ್ಲಿ ಹೊಸ ಬಂದರು ಬೇಕೋ ಬೇಡವೋ ಎಂಬ ಜಗಳಕ್ಕೆ ತೀರ್ಪು ಕೊಡಲು ಈ ಕೂಟಕ್ಕೆ ಅಧಿಕಾರವಿಲ್ಲ. ಆದರೆ ಆ ಮರಳಿನಲ್ಲಿ ಯಾರ ಚಪ್ಪರ ಎಲ್ಲಿತ್ತು, ದೋಣಿ ಎಲ್ಲಿ ಎಳೆದಿಡುತ್ತಿದ್ದರು, ಒಣಮೀನು ಯಾವ ಜಾಗದಲ್ಲಿ ಹರವುತ್ತಿದ್ದರು ಎಂದು ಹೆಜ್ಜೆ ಅಳೆದು ಬರೆದಿಡುವುದನ್ನು ಯಾರೂ ತಡೆಯಲಾರರು. ನೂರು ವರ್ಷದ ಮೇಲೆ ಯಾರಾದರೂ ಕೇಳಿದರೆ ಆಗಲೂ ಪರಊರಿನ ದಫ್ತರಕ್ಕೇ ಕಳಿಸಬೇಕೇ?

ಕೆಲಸ ನಾಳೆಯಿಂದಲೇ ಶುರು. ಬೆಳಿಗ್ಗೆ ಏಳಕ್ಕೆ, ಮೂಡಗಾಳಿ ಇರುವಾಗಲೇ, ಕಾಲೇಜಿನ ಎಂಟು ಮಕ್ಕಳು ದಕ್ಕೆಗೆ ಬರಲು ಒಪ್ಪಿದ್ದಾರೆ. ಪ್ರಶ್ನಾವಳಿ ತರಬೇಡಿ ಎಂದು ಹೇಳಿದ್ದೇನೆ. ಮೊಬೈಲು ಚಾರ್ಜು ಮಾಡಿಕೊಂಡು ಬಂದರೆ ಸಾಕು. ವರ್ಷ ಕೇಳಬೇಡಿ, ಅಳಿವೆ ಎಲ್ಲಿತ್ತು ಎಂದು ಕೇಳಿ.

ಖಜಾಂಚಿಯವರು ಗಡಿಯಾರ ತೋರಿಸುತ್ತಿದ್ದಾರೆ. ಹಿಂದಿನ ಚಪ್ಪರದಲ್ಲಿ ಎಲೆ ಹಾಕಿಯಾಗಿದೆ. ಅನ್ನ, ತುಪ್ಪ, ಮಾವಿನ ಉಪ್ಪಿನಕಾಯಿ ಎಲ್ಲ ಇದೆ ಎಂದು ಕೇಳಿದೆ. ಮೊಸರು ಬಂದರೆ ಊಟ ಮುಗಿಯಿತು, ಆಮೇಲೆ ಏನೂ ಬರುವುದಿಲ್ಲ ಎಂದು ಇಬ್ನ್ ಬತೂತಾ ಎಚ್ಚರಿಸಿದ್ದಾನೆ. ಮೊದಲ ಪಂಕ್ತಿಯವರು ಏಳಬಹುದು.