ಬದಲಿಸಿದ ಮೊಣಕಾಲಿಗೆ ಸೋಂಕು ತಗುಲಿದರೆ: ಅಗಸೂರಿನ ದೊಡ್ಡಮ್ಮನ ಎರಡು ತಿಂಗಳು

ಈ ವಾರ ಸ್ವಲ್ಪ ಮನೆಯ ಮಾತು ಆಡ್ತೇನೆ. ಅಂಕೋಲಾದಿಂದ ಹುಬ್ಬಳ್ಳಿ ರಸ್ತೆ ಹಿಡಿದರೆ ಸಿಗುವ ಊರು ಅಗಸೂರು. ಅಲ್ಲಿ ನನ್ನ ದೊಡ್ಡಮ್ಮ ಇದ್ದಾರೆ. ವಯಸ್ಸು 66. ಮೂರು ವರ್ಷದ ಹಿಂದೆ ಬಲ ಮೊಣಕಾಲಿಗೆ ಕೀಲು ಬದಲಿ ಆಪರೇಷನ್ ಆಗಿತ್ತು. ಒಂದೂವರೆ ವರ್ಷ ತೋಟ, ಪೇಟೆ, ಮದುವೆಮನೆ ಎಲ್ಲ ಕಡೆ ಓಡಾಡಿದರು. ಆಮೇಲೆ ಅದೇ ಮೊಣಕಾಲು ಬಾತುಕೊಳ್ತು. ಮುಟ್ಟಿದರೆ ಬಿಸಿ, ರಾತ್ರಿ ನೋವು.

ನಡೆದದ್ದು ಹೆಚ್ಚಾಯ್ತು ಅಂತ ಎಣ್ಣೆ ಹಚ್ಚಿದರು. ಹತ್ತಿರದ ಕ್ಲಿನಿಕ್‌ನಲ್ಲಿ ಆಂಟಿಬಯೋಟಿಕ್ ಮಾತ್ರೆ ಕೊಟ್ಟರು. ತಿಂದಾಗ ಇಳಿಯೋದು, ಬಿಟ್ಟಾಗ ಏರೋದು. ಎರಡು ತಿಂಗಳು ಹೀಗೇ ಕಳೀತು. ಕೊನೆಗೆ ಆರಬೈಲ್ ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ.

ಅಲ್ಲಿ ಸೂಜಿ ಹಾಕಿ ಮೊಣಕಾಲಿನ ನೀರು ತೆಗೆದರು. ರಕ್ತದಲ್ಲಿ ಸಿಆರ್‌ಪಿ, ಇಎಸ್‌ಆರ್ ಎರಡೂ ಜಾಸ್ತಿ. ಆದರೆ ಆ ನೀರಿನ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಕಾರಣ, ನಾವು ತಿನ್ನಿಸಿದ್ದ ಮಾತ್ರೆ. ಸೋಂಕು ಸಾಯೋದಿಲ್ಲ, ಪರೀಕ್ಷೆಯಲ್ಲಿ ಮಾತ್ರ ಮರೆಯಾಗುತ್ತೆ. ಎರಡು ವಾರ ಮಾತ್ರೆ ನಿಲ್ಲಿಸಿ ಮತ್ತೆ ನೋಡಿದಾಗ ಸ್ಟ್ಯಾಫಿಲೋಕಾಕಸ್ ಸಿಕ್ಕಿತು.

ಮೊಣಕಾಲು ಬದಲಿಸಿಕೊಂಡ ನೂರು ಜನರಲ್ಲಿ ಒಬ್ಬಿಬ್ಬರಿಗೆ ಹೀಗಾಗುತ್ತೆ. ಲೋಹಕ್ಕೆ ರಕ್ತ ಹರಿಯೋದಿಲ್ಲ. ಹೊಳೆಯ ಕಲ್ಲಿಗೆ ಪಾಚಿ ಹಿಡಿದ ಹಾಗೆ ಬ್ಯಾಕ್ಟೀರಿಯಾ ಅದರ ಮೇಲೆ ಲೋಳೆಯ ಪದರ ಕಟ್ಟಿ ಕೂರುತ್ತವೆ. ಮಾತ್ರೆಯಾಗಲಿ ಇಂಜೆಕ್ಷನ್ ಆಗಲಿ ಅದರೊಳಗೆ ಸರಿಯಾಗಿ ಇಳಿಯೋದಿಲ್ಲ. ಸೋಂಕು ಹೊಸದಾದರೆ ತೊಳೆದು, ನಡುವಿನ ಪ್ಲಾಸ್ಟಿಕ್ ತುಂಡು ಬದಲಿಸಿ ನೋಡ್ತಾರೆ. ಹಳೆಯದಾದರೆ ಸಾಮಾನ್ಯವಾಗಿ ಇಡೀ ಕೀಲನ್ನೇ ತೆಗೀಬೇಕು.

ತೆಗೆದ ಜಾಗದಲ್ಲಿ ಇಡೋದೇ ಸ್ಪೇಸರ್. ಇದು ಮೂಳೆ ಸಿಮೆಂಟ್. ಕಟ್ಟು ಹಲ್ಲಿನ ಸೆಟ್ ಮಾಡೋದೂ ಇದೇ ಜಾತಿಯ ಅಕ್ರಿಲಿಕ್‌ನಿಂದ. ಪುಡಿಗೆ ವ್ಯಾಂಕೊಮೈಸಿನ್, ಜೆಂಟಾಮೈಸಿನ್‌ನಂಥ ಔಷಧ ಬೆರೆಸಿ ಕಲಸ್ತಾರೆ. ಗಟ್ಟಿಯಾಗುವಾಗ ಸಿಮೆಂಟ್ ಕಾಯುತ್ತೆ, ಹಾಗಾಗಿ ಶಾಖ ತಡೆಯುವ ಔಷಧವೇ ಬೇಕು. ಅದು ಅಲ್ಲೇ ಒಸರುತ್ತಾ, ರಕ್ತದ ಮೂಲಕ ತಲುಪಿಸಲಾಗದಷ್ಟು ಪ್ರಮಾಣದಲ್ಲಿ ಕೀಲಿನೊಳಗೆ ಸಿಗುತ್ತೆ. ಸಿಮೆಂಟಿಗೆ ಔಷಧ ಬೆರೆಸುವ ದಾರಿ ತೋರಿಸಿದವರು ಜರ್ಮನಿಯ ಹ್ಯಾಂಬರ್ಗ್‌ನ ಬುಖೋಲ್ಟ್ಸ್, 1970ರ ಹೊತ್ತಿಗೆ. ಮೊದಲು ತೆಗೆದು, ಆರು ವಾರ ಔಷಧ ಕೊಟ್ಟು, ಆಮೇಲೆ ಹೊಸ ಕೀಲು ಹಾಕುವ ಕ್ರಮವನ್ನು 1983ರಲ್ಲಿ ನ್ಯೂಯಾರ್ಕ್‌ನ ಜಾನ್ ಇನ್ಸಾಲ್ ಮತ್ತು ಸಂಗಡಿಗರು ಪ್ರಕಟಿಸಿದರು. ಆಗ ನಡುವೆ ಜಾಗ ಖಾಲಿ ಇರ್ತಿತ್ತು, ಕಾಲು ಕುಗ್ಗಿ ಬಿಗೀತಿತ್ತು. ಆ ಜಾಗ ಕಾಯೋಕೆ ಸ್ಪೇಸರ್ ಬಂತು. ಮಡಚಲು ಬಾರದ್ದೂ ಉಂಟು, ಮಡಚುವಂಥದ್ದೂ ಉಂಟು. ದೊಡ್ಡಮ್ಮನಿಗೆ ಮಡಚುವಂಥದ್ದು ಹಾಕಿದರು.

ಆರು ವಾರ ಔಷಧ ಮುಗೀತು. ಬಾವು ಇಳೀತು. ಎರಡನೇ ಆಪರೇಷನ್ ದಿನ ಹತ್ತಿರ ಬಂದಾಗ ದೊಡ್ಡಮ್ಮ ಅಂದರು, "ನೋವಿಲ್ಲ, ವಾಕರ್ ಹಿಡಿದು ಬಚ್ಚಲಿಗೆ ಹೋಗ್ತೆ. ಮತ್ತೆ ಯಾಕೆ ಕೊಯ್ಸಬೇಕು ತಮಾ?"

ನಿಜ ಹೇಳ್ತೇನೆ, ನಾನೂ ಆಗ ಲೆಕ್ಕ ಹಾಕ್ತಾ ಕೂತಿದ್ದೆ. 2017ರಲ್ಲಿ ಕೇಂದ್ರ ಸರ್ಕಾರ ಬೆಲೆ ಮಿತಿ ಹಾಕಿದಾಗ ಕೋಬಾಲ್ಟ್ ಕ್ರೋಮಿಯಂ ಮೊಣಕಾಲಿಗೆ 54,720 ರೂಪಾಯಿ, ಎರಡನೇ ಸಲ ಹಾಕುವ ರಿವಿಷನ್ ಕೀಲಿಗೆ 1,13,950 ರೂಪಾಯಿ, ಜಿಎಸ್‌ಟಿ ಬೇರೆ. ಅದೂ ಬರೀ ಸಾಮಾನಿನ ಬೆಲೆ. ಬೇಡ ಅಂದರೆ ಬೇಡ ಅಂತ ನನ್ನ ಬಾಯಿಯ ತುದಿಗೇ ಬಂದಿತ್ತು.

ವೈದ್ಯರಿಗೆ ಫೋನ್ ಮಾಡಿ ಸ್ಪೀಕರ್‌ನಲ್ಲಿ ಇಟ್ಟೆ. ಅವರು ಬಿಡಿಸಿ ಹೇಳಿದರು. ಔಷಧದ ಹೆಚ್ಚಿನ ಪಾಲು ಮೊದಲ ಕೆಲವು ದಿನ, ವಾರಗಳಲ್ಲೇ ಹೊರಗೆ ಬಂದಿರುತ್ತೆ. ಆಮೇಲೆ ಅದೂ ಒಂದು ಹೊರಗಿನ ವಸ್ತು. ಸಿಮೆಂಟ್ ಒಡೀಬಹುದು, ಮೂಳೆ ಸವೀಬಹುದು. ಇನ್ನೊಂದು ಆಪರೇಷನ್ ತಡೆಯದ ಕೆಲವರಿಗೆ ಅದನ್ನೇ ಬಿಡೋದೂ ಉಂಟು, ಆದರೆ ನಿಮ್ಮ ಹೃದಯ, ಸಕ್ಕರೆ ಎರಡೂ ಸರಿ ಇವೆ ಅಂದರು.

ದೊಡ್ಡಮ್ಮ ಕೇಳಿದರು, "ಮತ್ತೆ ಬರೂದಿಲ್ಲ ಅಂತ ಬರ್ಕೊಡ್ತ್ರಾ?"

"ಇಲ್ಲಮ್ಮ. ಹೆಚ್ಚಿನವರಿಗೆ ಬರೋದಿಲ್ಲ, ಕೆಲವರಿಗೆ ಬರುತ್ತೆ."

ಆ ಉತ್ತರ ಕೇಳಿಯೇ ಅವರು ಒಪ್ಪಿದ್ದು. "ಸುಳ್ಳು ಹೇಳೂ ಮನುಷ್ಯ ಅಲ್ಲ" ಅಂದರು.

ಹೊಸ ಕೀಲು ಹಾಕಿ ಈಗ ಒಂದು ವರ್ಷ. ಸೋಂಕು ಮರಳಿಲ್ಲ. ಕಾಲು ಮೊದಲಿನಷ್ಟು ಮಡಚೋದಿಲ್ಲ, ನೆಲದ ಮೇಲೆ ಕೂತು ಊಟ ಇಲ್ಲ. ಕೋಲು ಹಿಡಿದು ತೋಟದ ತುದಿವರೆಗೆ ಹೋಗಿ ಬರ್ತಾರೆ.

ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಎಷ್ಟು ಜನ ದನಿ ಎತ್ತಿದರು ಅಂತ ನಿಮಗೆ ನೆನಪಿದೆ. ಪ್ರತಿ ತಪಾಸಣೆಗೂ ಘಟ್ಟ ಹತ್ತಿ ಇಳಿದಾಗ ಅದರ ಅರ್ಥ ಗೊತ್ತಾಗುತ್ತೆ. ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಇಷ್ಟು: ಬದಲಿಸಿದ ಮೊಣಕಾಲು ಬಾತರೆ, ಬಿಸಿಯಾದರೆ, ಗಾಯ ಒಸರಿದರೆ, ಆಪರೇಷನ್ ಮಾಡಿದವರನ್ನೇ ಮೊದಲು ಕೇಳಿ. ನೀರು ತೆಗೆದು ಪರೀಕ್ಷಿಸುವ ಮೊದಲೇ ಅಂದಾಜಿನ ಆಂಟಿಬಯೋಟಿಕ್ ತಿನ್ನಬೇಡಿ. ಜ್ವರ, ನಡುಕ ಬಂದರೆ ಒಂದು ದಿನವೂ ಕಾಯಬೇಡಿ. ನಾವು ಎರಡು ತಿಂಗಳು ಕಾದಿದ್ದೆವು. ನೀವು ಕಾಯೋದು ಬೇಡ.

ಮುಂದಿನ ವಾರ ಸಿಗೋಣ.