ಸೋಲಿನ ನಂತರದ ಸಮಾಲೋಚನೆ



ಗುರಿ ತಲುಪಿದ ತಿಂಗಳು ನೌಕರರ ಅಭಿಪ್ರಾಯ ಕೇಳುವ ಮ್ಯಾನೇಜರರು ಸಾಕಷ್ಟಿದ್ದಾರೆ. ಗುರಿ ತಪ್ಪಿದ ತಿಂಗಳು ಕೇಳುವವರನ್ನು ನಾವು ಕಾಣುವುದು ವಿರಳ.

ಕ್ರಿ.ಶ. 625ರ ಉಹುದ್ ಯುದ್ಧವನ್ನು ನೆನಪಿಸಿಕೊಳ್ಳೋಣ. ಮದೀನಾದೊಳಗೇ ಉಳಿದು ಶತ್ರುವನ್ನು ಎದುರಿಸಬೇಕೆಂಬುದು ಪ್ರವಾದಿವರ್ಯರ(ಸ) ಒಲವಾಗಿತ್ತು. ಆದರೂ ಯುವಕರ ಒತ್ತಾಸೆಯನ್ನು ಮನ್ನಿಸಿ ಅವರು ಹೊರಗೆ ಹೊರಟರು. ಗುಡ್ಡದ ಮೇಲೆ ನಿಲ್ಲಿಸಿದ್ದ 50 ಮಂದಿ ಬಿಲ್ಲುಗಾರರಲ್ಲಿ ಹೆಚ್ಚಿನವರು, ಗೆದ್ದೆವೆಂದು ಬಗೆದು, ಆಜ್ಞೆ ಮೀರಿ ಕೆಳಗಿಳಿದರು. ಸುಮಾರು 70 ಸಹಾಬಿಗಳು ಹುತಾತ್ಮರಾದರು. ಸ್ವತಃ ಪ್ರವಾದಿವರ್ಯರು(ಸ) ಗಾಯಗೊಂಡರು. ಇಂದಿನ ಆಡಳಿತ ಮಂಡಳಿಯಾಗಿದ್ದರೆ ಮೊದಲ ಪ್ರಶ್ನೆ, ಯಾರನ್ನು ವಜಾಗೊಳಿಸೋಣ ಎಂಬುದೇ! ಆದರೆ ಆ ಸೋಲಿನ ಬಳಿಕ ಅವತೀರ್ಣವಾದ ಆಲಿ ಇಮ್ರಾನ್ ಅಧ್ಯಾಯದ 159ನೇ ಸೂಕ್ತವು ಆ ಸಂಗಾತಿಗಳನ್ನು ಕ್ಷಮಿಸುವಂತೆಯೂ ಅವರೊಂದಿಗೆ ಸಮಾಲೋಚಿಸುವಂತೆಯೂ ನಿರ್ದೇಶಿಸಿತು. ಸಮಾಲೋಚನೆಯಿಂದಲೇ ಕೆಟ್ಟಿತೆಂದು ಅದನ್ನು ಕೈಬಿಡಲಾಗಲಿಲ್ಲ.

ಎರಡು ವರ್ಷಗಳ ಬಳಿಕ, 627ರಲ್ಲಿ, ಮದೀನಾವನ್ನು ಉಳಿಸಿದ ಕಂದಕದ ಸಲಹೆ ಬಂದುದು ಪರ್ಶಿಯಾ ಮೂಲದ ಸಲ್ಮಾನ್‌ರಿಂದ(ರ). ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ್ದವರು ಅವರು. ಕಂದಕ ತೋಡುವಾಗ ಪ್ರವಾದಿವರ್ಯರೂ(ಸ) ಮಣ್ಣು ಹೊತ್ತರು.

ಲೆಕ್ಕ ತಪ್ಪಿದ ತಿಂಗಳ ಸಭೆಗೆ ನಾವು ಗೋದಾಮಿನ ಹಮಾಲಿಯನ್ನೂ ಕರೆಯೋಣ. ಸರಕು ಎಲ್ಲಿ ಹಾಳಾಗುತ್ತಿದೆಯೆಂಬುದು ಅವನಿಗೆ ಗೊತ್ತಿರುತ್ತದೆ.